ಬೈರಿಗೆ ಹಿಡಿದವರ ಚಳಿಗಾಲ

ತೂತು ಮುಚ್ಚಿಸಿಕೊಳ್ಳಲು ದುಡ್ಡು ಕೊಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಪಂಕ್ಚರ್ ಅಂಗಡಿಯವನು, ಹಲ್ಲಿನ ಡಾಕ್ಟರು, ಮಳೆಗಾಲಕ್ಕೆ ಮುಂಚೆ ತಾರಸಿಗೆ ಡಾಂಬರು ಬಳಿಯುವವನು, ಎಲ್ಲರ ಸಂಸಾರ ಸಾಗುವುದೂ ನಮ್ಮ ನಿಮ್ಮ ತೂತುಗಳ ಮೇಲೆಯೇ. ಆದರೆ ಎಲ್ಲೂ ಒಂದು ಬಿರುಕಿಲ್ಲದ, ಒಳ್ಳೇ ಗಟ್ಟಿಮುಟ್ಟಾದ ಗಾಡಿಯನ್ನು ಹದಿನೈದು ಸಾವಿರ ಡಾಲರ್ ಸುರಿದು ತಂದು, ಅದಕ್ಕೆ ತೂತು ಕೊರೆಯಲೆಂದೇ ಮತ್ತೆ ಪೇಟೆಗೆ ಓಡಿ ಹೋಲ್ ಸಾ ಕೊಂಡು ತರುವ ಜನರನ್ನು ನೋಡಬೇಕಾದರೆ ಉತ್ತರ ಮಿನ್ನೆಸೋಟಕ್ಕೇ ಬರಬೇಕು. ಅದೂ ಜನವರಿಯಲ್ಲಿ. ಅದೂ ಯಾರದಾದರೂ ಗರಾಜಿನೊಳಕ್ಕೆ.

ಗಾಡಿ ಯಾವುದು ಅಂದಿರಾ? ಸ್ನೋಮೊಬೈಲು. ಇಲ್ಲಿನವರ ಬಾಯಲ್ಲಿ ಬರೀ ಸ್ಲೆಡ್ಡು. ಗುಲ್ಮಾರ್ಗಿಗೆ ಟೂರು ಹೋಗಿ ಬಂದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಬಾಡಿಗೆ ಕೋಟು, ಬಾಡಿಗೆ ಗಂಬೂಟು ಹಾಕಿಕೊಂಡು, ಓಡಿಸುವವನ ಸೊಂಟ ಗಟ್ಟಿಯಾಗಿ ತಬ್ಬಿ ಕೂತು, ಫೋಟೋದಲ್ಲಿ ಮಾತ್ರ ತಾವೇ ಓಡಿಸಿದ ಹಾಗೆ ಗತ್ತು ಬೀರಿರುತ್ತೀರಲ್ಲ, ಅದೇ ಗಾಡಿ. ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಚಕ್ರದ ಬದಲು ರಬ್ಬರಿನ ಅಗಲ ಪಟ್ಟಿ. ಆ ಪಟ್ಟಿಯ ಹೆಸರು ಟ್ರ್ಯಾಕು. ಸಾಮಾನ್ಯವಾಗಿ 15 ಇಂಚು ಅಗಲ. ಸುತ್ತಳತೆ 121 ಇಂಚಿನಿಂದ ಶುರುವಾಗಿ, ಬೆಟ್ಟ ಹತ್ತುವ ಹುಚ್ಚಿನವರ ಗಾಡಿಗಳಲ್ಲಿ 170 ದಾಟುತ್ತದೆ. ಹೊರಮೈಯಲ್ಲಿ ಸಾಲು ಸಾಲು ರಬ್ಬರಿನ ಹಲ್ಲು, ಒಳಗೆ ಅಡ್ಡಡ್ಡ ಫೈಬರ್‌ಗ್ಲಾಸ್ ಕಡ್ಡಿಗಳು, ಉದ್ದಕ್ಕೂ ನೂಲಿನ ಹೆಣಿಗೆ. ಗಾಡಿಯ ಭಾರ ಈ ಪಟ್ಟಿಯ ಮೇಲೆ ಹರಡಿಕೊಂಡು ಚದರ ಇಂಚಿಗೆ ಅರ್ಧ ಪೌಂಡಿನಷ್ಟೇ ಬೀಳುತ್ತದೆ. ನೀವು ನಾನು ಇಳಿದರೆ ತೊಡೆಯವರೆಗೆ ಹೂತುಹೋಗುವ ಕಡೆ ಇದು ಆರಾಮಾಗಿ ತೇಲಿಕೊಂಡು ಹೋಗುತ್ತದೆ.

ಇಷ್ಟು ಚೆನ್ನಾಗಿರುವ ಪಟ್ಟಿಗೆ ನಮ್ಮ ಪಕ್ಕದ ಮನೆಯ ಯಜಮಾನ ತೂತು ಹಾಕುತ್ತಿದ್ದ. ಯಾಕಪ್ಪಾ ಎಂದೆ.

"ಹಿಮ ಹೊರಗೆ ಹೋಗಲಿ ಅಂತ."

"ಒಳಗೆ ಬಿಟ್ಟುಕೊಂಡವರು ಯಾರು?"

"ಯಾರೂ ಇಲ್ಲ. ಅದೇ ಬರುತ್ತೆ."

ಮಿನ್ನೆಸೋಟದವರು ಮಾತಿನಲ್ಲಿ ಬಲು ಜಿಪುಣರು. ಇಷ್ಟು ಆಡಿದ್ದೇ ಅವನ ಮಟ್ಟಿಗೆ ಒಂದು ಭಾಷಣ.

ಅವನು ನುಂಗಿಕೊಂಡಿದ್ದನ್ನು ನಾನು ಬಿಡಿಸಿ ಹೇಳುತ್ತೇನೆ. ಈ ಟ್ರ್ಯಾಕಿನ ಹೊಟ್ಟೆಯೊಳಗೆ ಅಲ್ಯೂಮಿನಿಯಮ್ಮಿನ ಎರಡು ಹಳಿಗಳು, ಪುಟಾಣಿ ಗಾಲಿಗಳು, ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಹೀಗೆ ಒಂದು ಕೂಡುಕುಟುಂಬವೇ ಬೀಡು ಬಿಟ್ಟಿದೆ. ಅದರ ಸಂದಿಗೊಂದಿಗಳಿಗೆ ಅಕ್ಕಪಕ್ಕದಿಂದ ಹಿಮ ನುಗ್ಗುತ್ತದೆ. ನುಗ್ಗಿದ್ದು ಮೂಲೆ ಹಿಡಿದು ಸುಮ್ಮನಿದ್ದರೆ ಯಾರ ಅಭ್ಯಂತರವೂ ಇಲ್ಲ. ಆದರೆ ಹಿಮಕ್ಕೆ ಒಂದು ಚಾಳಿ ಇದೆ. ಒತ್ತಿದರೆ ಕಣಕ್ಕೆ ಕಣ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಮೈನಸ್ 25 ಡಿಗ್ರಿಯ ಒಣ ಹಿಮವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ, ನಿಜ. ಸೊನ್ನೆಯ ಹತ್ತಿರದ ಹಿಮ ಹಾಗಲ್ಲ. ಅದರ ಕಣಗಳ ಮೈಮೇಲೆ ನೀರಿನಂಥ ತೆಳು ಪದರ ಇರುತ್ತದೆ, ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಮಕ್ಕಳು ಗೊಂಬೆ ಮಾಡಲು ಕಾಯುವುದೂ ಅಂಥ ದಿನಕ್ಕೇ. ಇನ್ನು ಹೊರಗೆ ಎಷ್ಟೇ ಚಳಿ ಇರಲಿ, ಟ್ರ್ಯಾಕಿನ ಹೊಟ್ಟೆಯೊಳಗೆ ಮಾತ್ರ ಬೇರೆಯದೇ ಹವಾಮಾನ. ಕೆಳಗೆ ತಿಕ್ಕಾಟದ ಬಿಸಿ, ಮೇಲೆ ಎಂಜಿನ್ನಿನ ಬಿಸಿ. ಹಿಮ ಅರ್ಧಂಬರ್ಧ ಕರಗುತ್ತದೆ, ಗಾಡಿ ನಿಂತ ಕೂಡಲೇ ಹೆಪ್ಪುಗಟ್ಟುತ್ತದೆ. ರಾತ್ರಿ ಹಾಗೇ ಹೊರಗೆ ಬಿಟ್ಟು ಬೆಳಿಗ್ಗೆ ಎಬ್ಬಿಸಿದರೆ ಎಂಜಿನ್ನು ಅಬ್ಬರಿಸುತ್ತದೆ, ಡ್ರೈವ್ ಬೆಲ್ಟು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಗಾಡಿ ಮಾತ್ರ ಕೂತ ಜಾಗ ಬಿಟ್ಟು ಕದಲುವುದಿಲ್ಲ.

ಕೆರೆಗಳ ಕಡೆ ಹೋದರೆ ಇನ್ನೊಂದು ಗ್ರಹಚಾರ. ಮಿನ್ನೆಸೋಟದ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಕೆರೆಗಳ ನಾಡು ಎಂದು ಬರೆದಿರುತ್ತದೆ. ಅಸಲು ಲೆಕ್ಕ 11,842. ಅದೂ ಹತ್ತು ಎಕರೆಗೆ ಕಡಿಮೆಯಿಲ್ಲದವು ಮಾತ್ರ. ಬೋರ್ಡು ಬರೆಸುವಾಗ ಇದ್ದದ್ದಕ್ಕಿಂತ ಕಡಿಮೆ ಹೇಳಿಕೊಳ್ಳುವ ರಾಜ್ಯ ಇನ್ನೊಂದಿದ್ದರೆ ನನಗೆ ತಿಳಿಸಿ. ಚಳಿಗಾಲದಲ್ಲಿ ಈ ಕೆರೆಗಳೆಲ್ಲ ಗಟ್ಟಿ, ಮೇಲೆ ಹೊದಿಕೆಯಂತೆ ಹಿಮ. ಹೊದಿಕೆ ಭಾರವಾದಾಗ ಕೆಳಗಿನ ಮಂಜುಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲೆ ಉಕ್ಕಿ, ಹಿಮದಡಿ ಕಣ್ಣಿಗೆ ಕಾಣದ ಕೆಸರಾಗಿ ಅಡಗಿ ಕೂರುತ್ತದೆ. ಮೇಲೆ ನೋಡಿದರೆ ಮಲ್ಲಿಗೆ ಹಾಸಿದ ಹಾಗೆ, ಒಳಗೆ ಹೋದರೆ ಗೊಜ್ಜು. ಆ ಗೊಜ್ಜು ಟ್ರ್ಯಾಕಿಗೆ ತುಂಬಿಕೊಂಡು ದಡಕ್ಕೆ ಬರುವಷ್ಟರಲ್ಲಿ ಕಾಂಕ್ರೀಟು. ಆಗ ಇಡೀ ಬಳಗ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ, ಕೈಗೆ ಸಿಕ್ಕ ಕೋಲಿನಲ್ಲಿ ಕುಟ್ಟುತ್ತಾ, ತಮ್ಮ ತಮ್ಮ ಹೆಂಡತಿಯರು ಈ ವ್ಯಾಪಾರ ಬೇಡವೆಂದು ಎಷ್ಟು ಸಲ ಹೇಳಿದ್ದರು ಎಂದು ನೆನಪಿಸಿಕೊಳ್ಳುತ್ತದೆ.

ಸರಿ, ಹಾಗಾದರೆ ತೂತು ಕೊರೆದು ಹಿಮವನ್ನು ಹೊರಗಟ್ಟುವುದು ನ್ಯಾಯವೇ ಅಲ್ಲವೇ ಎಂದು ನೀವು ತಲೆಯಾಡಿಸುತ್ತೀರಿ. ಸ್ವಲ್ಪ ತಡೆಯಿರಿ. ಗಮ್ಮತ್ತು ಇರುವುದೇ ಇಲ್ಲಿ.

ಈ ಗಾಡಿಗೆ ಹಿಮ ಒಳಗೂ ಬೇಕು. ಕಾರಿನಲ್ಲಿ ಎಂಜಿನ್ ತಣ್ಣಗಿಡಲು ಮುಂದೊಂದು ರೇಡಿಯೇಟರು, ಅದಕ್ಕೊಂದು ಫ್ಯಾನು ಇರುತ್ತವೆ. ಇಲ್ಲಿ ಬಹಳಷ್ಟು ಗಾಡಿಗಳಲ್ಲಿ ಎಂಜಿನ್ನಿನ ಬಿಸಿನೀರನ್ನು ಟ್ರ್ಯಾಕಿನ ನೆತ್ತಿಯ ಮೇಲಿನ ಚಾವಣಿಗೆ ಹಾಯಿಸುತ್ತಾರೆ. ಆ ಚಾವಣಿಯನ್ನು ಟನಲ್ ಎನ್ನುತ್ತಾರೆ. ಟ್ರ್ಯಾಕು ತಿರುಗುತ್ತಾ ಹಿಮವನ್ನು ಮೇಲೆ ಎರಚಬೇಕು, ಅದು ಬಿಸಿ ಚಾವಣಿಗೆ ತಗುಲಿ ಕರಗಬೇಕು, ನೀರು ತಣಿಯಬೇಕು. ಇದು ಒಂದು. ಎರಡನೆಯದು ಆ ಹಳಿಗಳ ಸಮಾಚಾರ. ಹಳಿಗಳ ತಳಕ್ಕೆ ಹೈಫ್ಯಾಕ್ಸ್ ಎಂಬ ನುಣುಪಾದ ಪ್ಲಾಸ್ಟಿಕ್ ಪಟ್ಟಿ ಹೊಲಿದ ಹಾಗೆ ಕೂರಿಸಿರುತ್ತಾರೆ. ಟ್ರ್ಯಾಕಿನ ಉಕ್ಕಿನ ಕ್ಲಿಪ್ಪುಗಳು ಅದರ ಮೇಲೆ ಸರ್ರನೆ ಜಾರುತ್ತವೆ. ಅಲ್ಲಿಗೆ ಎಣ್ಣೆಯೂ ಇಲ್ಲ, ಗ್ರೀಸೂ ಇಲ್ಲ. ಹಿಮವೇ ಎಣ್ಣೆ. ಹಿಮ ಸಿಗದ ಬರಿ ಮಂಜುಗಡ್ಡೆಯ ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಹೊಡೆದರೆ ಎಂಜಿನ್ನು ಕುದಿಯುತ್ತದೆ, ಹೈಫ್ಯಾಕ್ಸು ಕರಗಿ ಕ್ಲಿಪ್ಪಿಗೆ ಅಂಟುತ್ತದೆ. ಸುತ್ತ ಮೈಲಿಗಟ್ಟಲೆ ಹಿಮ, ಊರೆಲ್ಲ ಗಡಗಡ ನಡುಗುತ್ತಿದೆ, ನಡುವೆ ಈ ಗಾಡಿ ಒಂದಕ್ಕೆ ಮಾತ್ರ ಉಷ್ಣವಾಗಿದೆ!

ಇದಕ್ಕೆ ಪರಿಹಾರವೇನು? ಐಸ್ ಸ್ಕ್ರ್ಯಾಚರ್ ಎಂಬ ಉಪಕರಣ. ಹಳಿಗಳಿಂದ ನೇತುಬಿದ್ದ ಗಟ್ಟಿ ತಂತಿ. ನೆಲದ ಮಂಜುಗಡ್ಡೆಯನ್ನು ಪರಪರ ಕೆರೆದು ಪುಡಿ ಮಾಡಿ ಟ್ರ್ಯಾಕಿನೊಳಕ್ಕೆ ತೂರುವುದು ಅದರ ಉದ್ಯೋಗ. ಈಗ ಚಿತ್ರ ಪೂರ್ತಿಯಾಯಿತು ನೋಡಿ. ಒಂದೇ ಗಾಡಿ. ಅದಕ್ಕೆ ದುಡ್ಡು ಕೊಟ್ಟು ಹಾಕಿಸಿದ ತಂತಿ ಹಿಮವನ್ನು ಒಳಗೆ ತಳ್ಳುತ್ತದೆ; ದುಡ್ಡು ಕೊಟ್ಟು ಕೊರೆದ ತೂತು ಹೊರಗೆ ತಳ್ಳುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಕೂತ ಯಜಮಾನ ಹೆಲ್ಮೆಟ್ಟು ಹಾಕಿಕೊಂಡು ಎರಡೂ ಕಡೆ ತನಗೇ ಲಾಭವೆಂದು ನಗುತ್ತಿದ್ದಾನೆ.

ತೂತಿನವರಲ್ಲೂ ಎರಡು ಪಂಗಡ. ಹಿಮ ಹೊರಗೆ ಹೋಗಲಿ ಎಂದು ಕೊರೆಯುವವರು ಒಂದು. ಹಿಮ ಒಳಗೆ ಬಂದು ಹೈಫ್ಯಾಕ್ಸನ್ನೂ ಎಂಜಿನ್ನನ್ನೂ ತಣ್ಣಗಿಡಲಿ ಎಂದು ಕೊರೆಯುವವರು ಇನ್ನೊಂದು. ಇಬ್ಬರೂ ಕೊರೆಯುವುದು ಅದೇ ಜಾಗದಲ್ಲಿ, ಅದೇ ಅಳತೆಗೆ, ಅದೇ ಬೈರಿಗೆಯಿಂದ. ಒಂದೇ ಬಾಗಿಲಿಗೆ ಒಬ್ಬ 'ಒಳಗೆ' ಅಂತಲೂ ಇನ್ನೊಬ್ಬ 'ಹೊರಗೆ' ಅಂತಲೂ ಬೋರ್ಡು ತಗುಲಿಸಿದ ಹಾಗೆ. ಹಿಮಕ್ಕೆ ಓದು ಬರಹ ಬಂದರಲ್ಲವೇ?

ತಮಾಷೆಯೆಂದರೆ ಇಬ್ಬರ ಮಾತೂ ಸುಳ್ಳಲ್ಲ. ಟ್ರ್ಯಾಕಿನ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ನೆಲಕ್ಕೆ ತಗುಲಿದ ಭಾಗ ಇದ್ದಲ್ಲೇ ಊರಿಕೊಂಡಿರುತ್ತದೆ, ಗಾಡಿ ಅದರ ಮೇಲೆ ಮುಂದೆ ಸಾಗುತ್ತದೆ. ಮೇಲಿನ ಭಾಗ ಗಾಡಿಯ ಇಮ್ಮಡಿ ವೇಗದಲ್ಲಿ ಮುಂದಕ್ಕೆ ಓಡುತ್ತದೆ; ಗಾಡಿ ಗಂಟೆಗೆ 60 ಕಿಲೋಮೀಟರ್ ಹೋದರೆ ನೆತ್ತಿಯ ಮೇಲಿನ ರಬ್ಬರು 120ರಲ್ಲಿ ಹಾರುತ್ತಿರುತ್ತದೆ. ಕೆಳಗಿದ್ದಾಗ ಗಾಡಿಯ ಭಾರಕ್ಕೆ ಹಿಮ ಒತ್ತಿಕೊಂಡು ತೂತಿನ ಮೂಲಕ ಒಳಗೆ ಇಣುಕುತ್ತದೆ. ಹಿಂದಿನ ಗಾಲಿಯನ್ನು ಸುತ್ತಿ ತಿರುಗುವಾಗ ಪಟ್ಟಿಗೆ ಎಂಥ ಎಸೆತ ಬೀಳುತ್ತದೆಂದರೆ, ಅದೇ 60 ಕಿಲೋಮೀಟರ್ ವೇಗಕ್ಕೆ, ಅಂಗೈ ಉದ್ದದ ತ್ರಿಜ್ಯದ ಸುತ್ತಿಗೆ ಲೆಕ್ಕ ಹಾಕಿದರೆ ಭೂಮಿಯ ಸೆಳೆತದ ಇನ್ನೂರು ಪಟ್ಟನ್ನೂ ಮೀರುತ್ತದೆ. ಪಟ್ಟಿಯ ಒಳಮೈಗೆ ಒರಗಿಕೊಂಡಿದ್ದ ಸಡಿಲ ಹಿಮ ಆ ತಿರುವಿನಲ್ಲಿ ತೂತು ಸಿಕ್ಕರೆ ಹೊರಗೆ ಚಿಮ್ಮುತ್ತದೆ, ಸಿಗದಿದ್ದರೆ ಇನ್ನೂ ಬಿಗಿಯಾಗಿ ಅಮುಕಿಕೊಳ್ಳುತ್ತದೆ. ಅಂದಮೇಲೆ ಒಂದೇ ತೂತು ಕೆಳಗೆ ಒಳಗೂ, ತಿರುವಿನಲ್ಲಿ ಹೊರಗೂ ಸಾಗಿಸುತ್ತಿದೆ. ಎರಡೂ ಪಂಗಡದವರನ್ನು ಕೂರಿಸಿ ಇದನ್ನು ವಿವರಿಸಿದರೆ ಇಬ್ಬರಿಗೂ ಸಮಾಧಾನವಾಗುವುದಿಲ್ಲ. ವಾದದಲ್ಲಿ ಗೆಲ್ಲಬೇಕು ಎಂದುಕೊಂಡವನಿಗೆ ಎದುರಾಳಿಯೂ ಸರಿ ಎಂದು ತೀರ್ಪು ಕೊಟ್ಟರೆ ಸೋತಷ್ಟೇ ಸಂಕಟ.

ನನ್ನ ತಕರಾರು ಬೇರೆ. ಗಟ್ಟಿಯಾಗಿ ಕಚ್ಚಿ ಕೂರುವ ಹಿಮ ಇರುವುದು ಪಟ್ಟಿಯ ಮೇಲಲ್ಲ. ಪಟ್ಟಿ ಸದಾ ಬಾಗುತ್ತಾ ಬಳುಕುತ್ತಾ ಇರುವುದರಿಂದ ತನ್ನ ಮೈಯನ್ನು ತಾನೇ ಕೊಡವಿಕೊಳ್ಳುತ್ತದೆ. ಸೇರಿಕೊಳ್ಳುವುದು ಹಳಿಗಳ ನಡುವೆ, ಸ್ಪ್ರಿಂಗಿನ ಸುತ್ತ, ಟನಲ್ಲಿನ ಮೂಲೆಗಳಲ್ಲಿ. ಅವು ತಿರುಗುವುದೂ ಇಲ್ಲ, ಬಳುಕುವುದೂ ಇಲ್ಲ. ಅಲ್ಲಿ ಒಮ್ಮೆ ಹೆಪ್ಪುಗಟ್ಟಿದ್ದು ಕೆಳಗೆ ಪಟ್ಟಿಯಲ್ಲಿ ಎಷ್ಟು ತೂತು ಹಾಯ್ದುಹೋದರೂ ಕ್ಯಾರೇ ಅನ್ನುವುದಿಲ್ಲ. ತೂತು ಇನ್ನೂ ಸಡಿಲವಾಗಿರುವುದನ್ನು ದಾಟಿಸೀತು. ಬೇರೂರಿದ ಬಾಡಿಗೆದಾರನನ್ನು ಎಬ್ಬಿಸಲಾರದು. ಇದನ್ನೇ ಪಕ್ಕದ ಮನೆಯವನಿಗೆ ಹೇಳಿದೆ. "ಇರಬಹುದು," ಎಂದ. ಎಂದು ಮುಂದಿನ ತೂತಿಗೆ ಗುರುತು ಹಾಕಿದ.

ಗುರುತು ಹಾಕುವುದೂ ಒಂದು ಶಾಸ್ತ್ರ. ರಟ್ಟಿನ ಮಾದರಿ ಕತ್ತರಿಸಿ, ಪಟ್ಟಿಯ ಮೇಲಿಟ್ಟು, ಬಿಳಿ ಪೆನ್ಸಿಲ್ಲಿನಲ್ಲಿ ಸುತ್ತು ಎಳೆಯಬೇಕು. ಫೈಬರ್‌ಗ್ಲಾಸ್ ಕಡ್ಡಿಗೆ ತಗುಲಬಾರದು; ಕಡ್ಡಿ ತುಂಡಾದರೆ ಪಟ್ಟಿಯ ಪಕ್ಕೆಲುಬು ಮುರಿದಂತೆ. ಹಲ್ಲಿನ ಬುಡಕ್ಕೂ ತೀರಾ ಹತ್ತಿರ ಹೋಗಬಾರದು. ಡ್ರೈವ್ ಗಾಲಿಯ ಹಲ್ಲು ಕೂರಲು ಕಂಪನಿಯವರೇ ಬಿಟ್ಟಿರುವ ಕಿಟಕಿಗಳಿವೆ, ಅವುಗಳ ಅಂಚಿಗೂ ಬರಬಾರದು. ಹೌದು, ಕಿಟಕಿಗಳು ಮೊದಲೇ ಇವೆ. ಉದ್ದಕ್ಕೂ ಎರಡು ಸಾಲು. ಕಿಟಕಿ ಸಾಲದು, ವೆಂಟಿಲೇಟರೂ ಬೇಕೆನ್ನುವುದೇ ಈ ಮತದ ತಿರುಳು. ಆಮೇಲೆ ಡ್ರಿಲ್ಲು. ಮರ ಕೊರೆಯುವಾಗ ಪುಡಿ ಉದುರುತ್ತದೆ, ಕಬ್ಬಿಣಕ್ಕೆ ಸುರುಳಿ ಏಳುತ್ತದೆ. ರಬ್ಬರು ಅಂಥ ಸಭ್ಯತೆಯದ್ದಲ್ಲ. ಅದು ಬೈರಿಗೆಯ ಬಾಯನ್ನೇ ಕಚ್ಚಿ ಹಿಡಿಯುತ್ತದೆ, ಮಣಿಕಟ್ಟು ತಿರುಚುತ್ತದೆ, ಬಿಸಿಯಾಗಿ ನಾರುತ್ತದೆ. ಸೋಪಿನ ನೀರು ಹನಿಸುತ್ತಾ ಹನಿಸುತ್ತಾ ಕೊರೆಯಬೇಕು. ಕೊರೆದು ಬಂದ ಬಿಲ್ಲೆ ಹೋಲ್ ಸಾದ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ, ಪ್ರತಿಸಲ ಸ್ಕ್ರೂಡ್ರೈವರಿನಿಂದ ಚುಚ್ಚಿ ತೆಗೆಯಬೇಕು. ತೂತಿನ ಅಂಚಿನಲ್ಲಿ ಕತ್ತರಿಸಿದ ನೂಲಿನ ತುದಿಗಳು ಮೀಸೆಯಂತೆ ಎದ್ದು ನಿಲ್ಲುತ್ತವೆ. ಆ ನೂಲೇ ಪಟ್ಟಿಯ ಬಲ ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಹೇಳಬಾರದು. ವಾರಂಟಿಯ ಕಾಗದವನ್ನು ಯಾರೂ ಓದಬಾರದು. ಗರಾಜಿನ ಶಿಷ್ಟಾಚಾರ ಅದು.

121 ಇಂಚಿನ, 2.52 ಇಂಚಿಗೊಂದರಂತೆ ಹಲ್ಲಿನ ಸಾಲಿರುವ ಟ್ರ್ಯಾಕಿಗೆ ಒಟ್ಟು 48 ಸಾಲು. ಸಾಲಿನ ಸಂದಿಗೆ ಎರಡು ತೂತು ಎಂದರೆ 96. ಕೊರೆಯುವವರನ್ನು ಕೇಳಿದರೆ ಗಾಡಿಯ ಭಾರವೂ ಇಳಿಯುತ್ತದೆ ಎನ್ನುತ್ತಾರೆ. ಲೆಕ್ಕ ಹಾಕೋಣ ಬನ್ನಿ. ಒಂದಿಂಚು ಅಗಲದ ತೂತು, ರಬ್ಬರಿನ ದಪ್ಪ ಕಾಲಿಂಚಿನ ಆಸುಪಾಸು ಎಂದಿಟ್ಟುಕೊಂಡರೆ ಬಿಲ್ಲೆಯೊಂದು ಮೂರೂವರೆ ಗ್ರಾಮ್ ತೂಗೀತು. 96 ಬಿಲ್ಲೆಗೆ ಸುಮಾರು 340 ಗ್ರಾಮ್. ಒಂದು ಕಿಲೋದ ಮೂರನೇ ಒಂದು ಭಾಗ! ಇನ್ನೂರು ಕಿಲೋ ದಾಟುವ ಗಾಡಿಗೆ, ಅದರ ಮೇಲೆ ನೂರು ಕಿಲೋದ ಯಜಮಾನ, ಅವನ ಮೈಮೇಲೆ ಎಂಟು ಕಿಲೋದ ಬಟ್ಟೆ ಬೂಟು ಹೆಲ್ಮೆಟ್ಟು. ಆ ಬೆಳಿಗ್ಗೆ ಅವನು ಒಂದು ಪ್ಯಾನ್‌ಕೇಕು ಕಡಿಮೆ ತಿಂದು, ಕಾಫಿ ಲೋಟ ಅರ್ಧಕ್ಕೆ ಬಿಟ್ಟು ಎದ್ದಿದ್ದರೆ ಡ್ರಿಲ್ಲಿಗೆ ಕರೆಂಟು ಉಳಿಯುತ್ತಿತ್ತು. ಜಾಗದ ಲೆಕ್ಕವೂ ಹಾಗೇ: 96 ತೂತುಗಳೆಲ್ಲ ಸೇರಿ 75 ಚದರ ಇಂಚು, ಪಟ್ಟಿಯ ಒಟ್ಟು ವಿಸ್ತೀರ್ಣ 1,815. ನೂರಕ್ಕೆ ನಾಲ್ಕು. ಹಿಮದ ಪಾಲಿಗೆ ಇದು ಮಹಾದ್ವಾರವೇನೂ ಅಲ್ಲ.

ಈ ಲೆಕ್ಕವನ್ನು ನಾನು ಒಪ್ಪಿಸಿದ್ದು ಪಕ್ಕದ ಮನೆಯವನಿಗಲ್ಲ, ನಮ್ಮ ದಾವಣಗೆರೆ ಗೆಳೆಯನಿಗೆ. ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಪ್ರೋಗ್ರಾಮಿನ ತೂತು ಮುಚ್ಚುತ್ತಾನೆ, ಶನಿವಾರ ಸ್ವಂತ ಗಾಡಿಗೆ ಕೊರೆಯುತ್ತಾನೆ. ಗಾಡಿ ತಂದ ದಿನ ಪೂಜೆಗೆ ನಮ್ಮನ್ನೂ ಕರೆದಿದ್ದ. ಹೆಡ್‌ಲೈಟಿಗೆ ಕುಂಕುಮ, ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಮಾವಿನೆಲೆ, ಟ್ರ್ಯಾಕಿನಡಿ ನಿಂಬೆಹಣ್ಣು. ಪೂಜೆ ಮುಗಿದು, ಆರತಿಯ ದೀಪ ಗಾಳಿಗೆ ಆರಿ ಆರಿ ಮತ್ತೆ ಹಚ್ಚಿ, ಫೋಟೋ ಹೊಡೆದು ಮುಗಿಸುವಷ್ಟರಲ್ಲಿ ನಿಂಬೆಹಣ್ಣು ಹೆಪ್ಪುಗಟ್ಟಿ ಗೋಲಿಯಾಗಿತ್ತು. ಗಾಡಿ ಅದರ ಮೇಲೆ ಹಾದುಹೋಯಿತು. ಹಣ್ಣು ಅಪ್ಪಚ್ಚಿಯಾಗಲಿಲ್ಲ, ಹಿಮದೊಳಗೆ ಇಳಿದು ಕೂತಿತು. ಚದರ ಇಂಚಿಗೆ ಅರ್ಧ ಪೌಂಡು ಎಂದು ಮೊದಲೇ ಹೇಳಿದೆನಲ್ಲ. ದೃಷ್ಟಿ ಪರಿಹಾರವಾಯಿತೋ ಇಲ್ಲವೋ ಎಂಬ ಜಿಜ್ಞಾಸೆ ಊಟದವರೆಗೂ ನಡೆಯಿತು. ಪುರೋಹಿತರನ್ನು ವಿಡಿಯೋ ಕರೆಯಲ್ಲಿ ಕೇಳೋಣವೆಂದರೆ ಊರಲ್ಲಿ ಆಗ ನಡುರಾತ್ರಿ.

ಅವನು ಮೊದಲ ಸಲ ಡ್ರಿಲ್ಲು ಹಿಡಿದ ಶನಿವಾರ ಅವನ ಹೆಂಡತಿ ಗರಾಜಿನ ಬಾಗಿಲಲ್ಲಿ ನಿಂತು ನೋಡಿದಳು. "ಎಲ್ಲರ ಮನೆ ದೋಸೆನೂ ತೂತೇ ಕಣ್ರೀ," ಎಂದಳು ನನ್ನ ಕಡೆ ತಿರುಗಿ, "ನಮ್ಮನೇಲಿ ಮಾತ್ರ ಅದಕ್ಕೂ ಡ್ರಿಲ್ ಮಷೀನು ಬೇಕು." ದಾವಣಗೆರೆಯವನಿಗೆ ದೋಸೆಯ ವಿಷಯದಲ್ಲಿ ಉತ್ತರ ಹೊಳೆಯದೇ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆದರೆ ಗಂಡಸರ ಪರವಾಗಿಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಯಾವ ಗರಾಜಿಗೂ ಸೇರಿಸುವುದಿಲ್ಲ. ಅಂಟುವುದನ್ನು ತೂತಿನಿಂದ ಗೆಲ್ಲುವುದು ಹಳೆಯ ಉಪಾಯ. ಜಿಗುಟು ಮಣ್ಣಿನ ಹೊಲಕ್ಕೆಂದು ನೇಗಿಲಿನ ಅಗಲ ರೆಕ್ಕೆಯನ್ನೇ ಸೀಳಿ ಪಟ್ಟಿ ಪಟ್ಟಿಯಾಗಿ ಮಾಡಿದ್ದುಂಟು. ಅಂಟಲು ಜಾಗ ಕಡಿಮೆಯಾದರೆ ಮಣ್ಣು ತಾನಾಗಿ ಕಳಚಿಕೊಳ್ಳುತ್ತದೆ. ಚೀಸು ಕೊಯ್ಯುವ ಚಾಕುವಿನ ಅಲಗಿನಲ್ಲಿ ದೊಡ್ಡ ದೊಡ್ಡ ರಂಧ್ರಗಳಿರುವುದೂ ಇದಕ್ಕೇ. ಚೀನಾದ ಹಳೇ ಹಡಗುಗಳ ಚುಕ್ಕಾಣಿಯಲ್ಲಿ ಸಾಲು ತೂತುಗಳಿರುತ್ತಿದ್ದವು. ನೀರು ಹಾಯ್ದುಹೋಗಿ ತಿರುಗಿಸುವುದು ಹಗುರಾಗುತ್ತಿತ್ತು. ಇನ್ನು ಭಾರ ಇಳಿಸುವ ಹುಚ್ಚಿಗೆ ದೊಡ್ಡವರೇ ಸಾಕ್ಷಿ. 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಸೈಕಲ್ ತುಳಿದು ದಾಖಲೆ ಮಾಡಿದಾಗ, ಅವನ ಸೈಕಲ್ಲಿನ ಚೈನಿನ ಕೊಂಡಿಗಳಿಗೂ ತೂತು ಕೊರೆದಿದ್ದರು. ಆ ಕಾಲದ ಸೈಕಲ್ ಹುಡುಗರೆಲ್ಲ ಬ್ರೇಕಿನ ಹಿಡಿಯಿಂದ ಹಿಡಿದು ಪೆಡಲ್ಲಿನವರೆಗೆ ಜರಡಿ ಮಾಡಿಕೊಂಡರು. ಮರ್ಕ್ಸನ ತೂತುಗಳು ಸಿಕ್ಕವು, ಮರ್ಕ್ಸನ ಕಾಲುಗಳು ಸಿಗಲಿಲ್ಲ.

ಇನ್ನೂ ಒಂದು ಸಂಗತಿ. ಈ ಗಾಡಿ ಹುಟ್ಟಿದ್ದೇ ಇಂಥ ಕೈ ಸುಮ್ಮನಿರದವರಿಂದ. ಕ್ವಿಬೆಕ್‌ನ ವಾಲ್‌ಕೋರ್ಟ್ ಎಂಬ ಹಳ್ಳಿಯ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಹದಿನೈದರ ಹುಡುಗನಾಗಿದ್ದಾಗ, 1922ರ ಕೊನೆಯಲ್ಲಿ, ಜಾರುಬಂಡಿಗೆ ಹಳೇ ಫೋರ್ಡ್ ಎಂಜಿನ್ನೂ ವಿಮಾನದಂಥ ಪಂಖವೂ ಕಟ್ಟಿ ಹಳ್ಳಿಯ ಬೀದಿಯಲ್ಲಿ ಓಡಿಸಿದ. ಆ ಪಂಖ ನೋಡಿ ಅಪ್ಪನಿಗೆ ಎದೆ ಧಸಕ್ಕೆಂದು, ಬಿಚ್ಚೋ ಅದನ್ನು ಎಂದು ಗದರಿದ. ಹುಡುಗ ಬಿಚ್ಚಿದ, ಬಿಡಲಿಲ್ಲ. ಹತ್ತೊಂಬತ್ತಕ್ಕೆ ಗರಾಜು ತೆರೆದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯ ಸೋಂಕು ತಗುಲಿತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ಹೋಯಿತು. ಹಲ್ಲಿನ ಗಾಲಿ ಮತ್ತು ರಬ್ಬರಿನ ಪಟ್ಟಿಯ ಜೋಡಣೆಗೆ 1937ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು. ಏಳು ಮಂದಿ ಕೂರುವ ಅವನ ಹಿಮದ ಬಸ್ಸುಗಳು ಚೆನ್ನಾಗಿ ಓಡುತ್ತಿರುವಾಗ 1948ರಲ್ಲಿ ಕ್ವಿಬೆಕ್ ಸರ್ಕಾರ ಹಳ್ಳಿಯ ರಸ್ತೆಗಳ ಹಿಮ ತೆಗೆಸುವ ತೀರ್ಮಾನ ಮಾಡಿತು. ಜನಕ್ಕೆ ಅನುಕೂಲ, ಇವನಿಗೆ ವ್ಯಾಪಾರ ಖೋತಾ. ಕೊನೆಗೆ ಒಬ್ಬಿಬ್ಬರು ಕೂರುವ ಪುಟ್ಟ ಗಾಡಿ ಸ್ಕೀ-ಡೂ 1959ರಲ್ಲಿ ಹೊರಬಂತು.

ಇತ್ತ ಮಿನ್ನೆಸೋಟದ ರೋಸೋ ಎಂಬ ಗಡಿಯೂರಿನಲ್ಲಿ, ಹೊಲದ ಯಂತ್ರ ಮಾಡುತ್ತಿದ್ದ ಎಡ್ಗರ್ ಹೆಟೀನ್‌ನ ಕಾರ್ಖಾನೆಯಲ್ಲಿ, ಅವನು ಊರಲ್ಲಿಲ್ಲದ ಸಮಯ ನೋಡಿ ಪಾಲುದಾರ ಡೇವಿಡ್ ಜಾನ್ಸನ್ ಮತ್ತು ಗೆಳೆಯರು ಗುಜರಿ ಸಾಮಾನು ಸೇರಿಸಿ ಒಂದು ಹಿಮದ ಗಾಡಿ ಕಟ್ಟಿಬಿಟ್ಟರು. ಬಂದು ನೋಡಿದ ಯಜಮಾನನಿಗೆ ಕೋಪ. ಸಂಬಳಕ್ಕೆ ಕಾಸು ಬೇಕಾಗಿತ್ತು. ಗಾಡಿಯನ್ನು ಊರಿನ ಮರದ ವ್ಯಾಪಾರಿಗೆ ಮಾರಿದರು. ಪೊಲಾರಿಸ್ ಕಂಪನಿಯ ಹಿಮದ ಗಾಡಿಗಳ ಕಥೆ ಹೀಗೆ ಬೈಸಿಕೊಂಡೇ ಶುರುವಾಯಿತು. 1968ರಲ್ಲಿ ಇದೇ ರಾಜ್ಯದ ರಾಲ್ಫ್ ಪ್ಲೇಸ್ಟೆಡ್ ಎಂಬ ವಿಮಾ ಏಜೆಂಟ್ ಸ್ನೋಮೊಬೈಲ್ ಹತ್ತಿ ಉತ್ತರ ಧ್ರುವ ಮುಟ್ಟಿ ಬಂದ. ವಿಮಾ ಏಜೆಂಟನಿಂದ ತಪ್ಪಿಸಿಕೊಳ್ಳಲು ಭೂಮಿಯ ತುದಿಗೆ ಓಡಿಹೋದರೂ ಪ್ರಯೋಜನವಿಲ್ಲವೆಂದು ಅವತ್ತೇ ಸಾಬೀತಾಯಿತು.

ಅಂಥ ವಂಶದಲ್ಲಿ ಹುಟ್ಟಿದ ಗಾಡಿಯ ಮುಂದೆ ನಿಂತು 'ಕಂಪನಿಯವರು ಮಾಡಿದ ಹಾಗೇ ಇರಲಿ ಬಿಡಪ್ಪ' ಎಂದರೆ ಯಾರು ಕೇಳುತ್ತಾರೆ? ಹಿಮ ಕಳೆಯುವ ಸುಲಭದ ದಾರಿಗಳು ಎಲ್ಲರಿಗೂ ಗೊತ್ತು. ಸವಾರಿ ಮುಗಿಯುವ ಮೊದಲು ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿಗೇರಿಸಿ ಟ್ರ್ಯಾಕನ್ನು ನಾಲ್ಕು ಸುತ್ತು ತಿರುಗಿಸಿದರೆ ಒಳಗಿನದೆಲ್ಲ ಹಾರಿಹೋಗುತ್ತದೆ. ಹಿಂದೆ ಮಾತ್ರ ಯಾರೂ ನಿಂತಿರಬಾರದು. ಪಟ್ಟಿಗೆ ಉಕ್ಕಿನ ಮೊಳೆ ಹೊಡೆಸಿದ ಗಾಡಿಯಾದರೆ ನಿಂತವನಿಗೆ ಆಸ್ಪತ್ರೆಯೇ ಗತಿ. ರಾತ್ರಿ ಗಾಡಿಯನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿದರೆ ಟ್ರ್ಯಾಕು ನೆಲಕ್ಕೆ ಅಂಟುವುದಿಲ್ಲ. ಬೆಳಿಗ್ಗೆ ಹಿಂದಿನ ಬಂಪರು ಹಿಡಿದು ಎರಡು ಸಲ ಎತ್ತಿ ಕುಕ್ಕಿದರೆ ಉಳಿದದ್ದೂ ಬಿಡುತ್ತದೆ. ಒಂದು ಕಾಸಿನ ಖರ್ಚಿಲ್ಲ. ಅದೇ ಈ ಉಪಾಯಗಳ ದೊಡ್ಡ ದೋಷ. ಖರ್ಚಿಲ್ಲದ ಉಪಾಯವನ್ನು ಗೆಳೆಯರಿಗೆ ಗರಾಜಿಗೆ ಕರೆದು ತೋರಿಸುವುದು ಹೇಗೆ? ದಿಮ್ಮಿಯೊಂದನ್ನು ಬೆಳಕಿನ ಕೆಳಗಿಟ್ಟು "ನೋಡು, ನಾನೇ ಇಟ್ಟೆ" ಎನ್ನಲಾಗುತ್ತದೆಯೇ? 96 ತೂತನ್ನಾದರೆ ತೋರಿಸಬಹುದು. ಒಂದೊಂದರಲ್ಲೂ ಬೆರಳು ಹಾಕಿ ನೋಡಿಸಬಹುದು.

ಮಿನ್ನೆಸೋಟದಲ್ಲಿ ಹಿಮದ ಗಾಡಿಗೆಂದೇ ಕಾಯ್ದಿಟ್ಟ ದಾರಿ 22 ಸಾವಿರ ಮೈಲಿ ಇದೆ. ಊರೂರಿನ ಕ್ಲಬ್ಬಿನವರು ಪುಕ್ಕಟೆ ದುಡಿದು, ರಾತ್ರಿಯೆಲ್ಲ ಯಂತ್ರ ಓಡಿಸಿ ಅದನ್ನು ಹಾಸಿಗೆಯಂತೆ ಹದ ಮಾಡಿಡುತ್ತಾರೆ. ಹಿಮ ಸರಿಯಾಗಿ ಬೀಳುವ ವಾರಗಳೋ ಬೆರಳೆಣಿಕೆ. ಹಾಗಿದ್ದೂ ಒಳ್ಳೇ ಬಿಸಿಲಿನ ಶನಿವಾರ, ದಾರಿ ಹದವಾಗಿ ಕಾದಿರುವಾಗ, ಗರಾಜಿನ ಹೀಟರಿನ ಪಕ್ಕ ಮಂಡಿಯೂರಿ ರಬ್ಬರಿಗೆ ಸೋಪಿನ ನೀರು ಹನಿಸುತ್ತಿರುವವರು ಎಷ್ಟು ಮಂದಿ! ಸವಾರಿಗೆ ತಯಾರಿ ಎನ್ನುತ್ತಾರೆ. ತಯಾರಿ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ, ಹೊರಗೆ ಹಿಮವೇ ತೂತು ಬಿದ್ದಿರುತ್ತದೆ.

ಈಚೆಗೆ ಕೆಲವು ಟ್ರ್ಯಾಕುಗಳು ಕಾರ್ಖಾನೆಯಿಂದಲೇ ತೂತು ಸಮೇತ ಬರುತ್ತವೆ. ನೂಲು ಎದ್ದಿಲ್ಲ, ಕಡ್ಡಿ ತುಂಡಾಗಿಲ್ಲ, ಅಂಚು ನುಣ್ಣಗೆ, ವಾರಂಟಿಯೂ ಭದ್ರ. ಇನ್ನಾದರೂ ಈ ಜನಕ್ಕೆ ಕೊರೆಯುವ ಪಾಡು ತಪ್ಪಿತಲ್ಲ ಎಂದು ನಾನು ಸಂತೋಷಪಟ್ಟೆ. ದಾವಣಗೆರೆ ಗೆಳೆಯ ಅಂಥದ್ದೊಂದನ್ನು ತರಿಸಿದ, ಪೆಟ್ಟಿಗೆ ಒಡೆದ, ಎರಡೂ ಮಗ್ಗುಲು ತಿರುಗಿಸಿ ನೋಡಿದ. ಮುಖ ಯಾಕೋ ಸಪ್ಪಗಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಮೊಳೆಯಿಂದ ಅಳತೆ ಟೇಪು ತೆಗೆದು, ಕಂಪನಿಯ ಎರಡು ತೂತುಗಳ ನಡುವೆ ಹಿಡಿದ.

"ಏನ್ ನೋಡ್ತಿದೀಯೋ?"

"ಏನಿಲ್ಲ," ಎಂದ. "ಇಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಟ್ಟಿದಾರೆ ನೋಡು."